ಯಾರು ಗೆಲ್ತಾರೆ ಅಂತಲ್ಲ, ನೂರಕ್ಕೆ ಎಷ್ಟು ಅಂತ ಕೇಳಿ: ಮೈಸೂರು-ಕೊಡಗು ಕ್ಷೇತ್ರದ ಲೆಕ್ಕ ಹಾಕುವ ಬಗೆ

ಲೋಕಸಭೆ ಚುನಾವಣೆ ಘೋಷಣೆಯಾಯಿತೆಂದರೆ ಸೋಮವಾರಪೇಟೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಸುಮ್ಮನೆ ಸಂತೆಗೆ ಹೋಗಿ ಬರುವ ಹಾಗಿಲ್ಲ. ತರಕಾರಿ ತೂಗುವವನೂ ಕೇಳುತ್ತಾನೆ, ಮೆಣಸು ಕೊಳ್ಳುವವನೂ ಕೇಳುತ್ತಾನೆ: “ಮೇಷ್ಟ್ರೇ, ಈ ಸಲ ಯಾರು ಬರ್ತಾರೆ?” ನಾನು, “ಇವರಿಗೆ ನೂರಕ್ಕೆ 70, ಅವರಿಗೆ 29, ಉಳಿದವರೆಲ್ಲ ಸೇರಿ 1” ಅಂದರೆ ಮುಖ ಸಿಂಡರಿಸುತ್ತಾರೆ. “ಅದೇನು ಮೇಷ್ಟ್ರೇ, ಗೋಡೆ ಮೇಲೆ ಕೂತ್ಕೊಂಡು ಮಾತಾಡ್ತೀರಲ್ಲ” ಅನ್ನುತ್ತಾರೆ. ಆ 70 ಎಲ್ಲಿಂದ ಬಂತು, ನೀವೇ ಹೇಗೆ ತೆಗೆಯಬಹುದು ಎಂದು ತೋರಿಸಲು ಇದನ್ನು ಬರೆಯುತ್ತಿದ್ದೇನೆ. ಬೇಕಾದದ್ದು ಹಳೆಯ ಫಲಿತಾಂಶದ ಹಾಳೆಗಳು, ಒಂದು ಮೊಬೈಲ್ ಅಥವಾ ಕಂಪ್ಯೂಟರ್, ಎರಡು ಸಂಜೆ ಬಿಡುವು. ಹೈಸ್ಕೂಲ್ ಗಣಿತ ಸಾಕು.

ಮೊದಲು 70 ಅಂದರೆ ಏನು ಅನ್ನುವುದು. ತೋಟ ಇಟ್ಟುಕೊಂಡವರಿಗೆ ಇದು ಹೊಸ ಮಾತಲ್ಲ. ಮಾರ್ಚ್ ತಿಂಗಳಲ್ಲಿ ಹೂಮಳೆ ಬರುವ ಸಾಧ್ಯತೆ ನೂರಕ್ಕೆ 70 ಎಂದು ಯಾರಾದರೂ ಹೇಳಿದರೆ ರೋಬಸ್ಟಾ ಕಾಫಿ ಬೆಳೆದವನು ಸ್ಪ್ರಿಂಕ್ಲರ್ ಪೈಪು ಬಿಚ್ಚಿ ಶೆಡ್ಡಿಗೆ ಹಾಕಿಬಿಡುವುದಿಲ್ಲ. ಮೂವತ್ತು ಅನ್ನುವುದು ನಿಜವಾಗಿಯೂ ನಡೆಯುವ ಸಂಗತಿ ಅಂತ ಅವನಿಗೆ ಗೊತ್ತು. ಚುನಾವಣೆಯ ಮಾತು ಬಂದಾಗ ಮಾತ್ರ ಅದೇ ಮನುಷ್ಯ 70 ಅಂದರೆ “ಗೆದ್ದಾಯ್ತು” ಅಂದುಕೊಳ್ಳುತ್ತಾನೆ. ಇನ್ನೂ ಒಂದು ಗೊಂದಲ ಇದೆ. ನೂರಕ್ಕೆ 70 ಸಾಧ್ಯತೆ ಅಂದರೆ ಶೇಕಡಾ 70 ಮತ ಅಲ್ಲ. ಶೇ. 50 ಮತ ಬರುವವನಿಗೂ ಗೆಲುವಿನ ಸಾಧ್ಯತೆ 95 ಇರಬಹುದು, ಶೇ. 36 ಬರುವವನಿಗೂ 60 ಇರಬಹುದು.

ಕ್ಷೇತ್ರ ಎಂದರೆ ಎಂಟು, ಎರಡಲ್ಲ

ಕೊಡಗಿನಲ್ಲಿ ಕೂತವರ ದೊಡ್ಡ ತೊಂದರೆ, ನಮಗೆ ಮಡಿಕೇರಿ ಮತ್ತು ವಿರಾಜಪೇಟೆ ಎರಡೇ ಕಾಣುವುದು. ಲೋಕಸಭಾ ಕ್ಷೇತ್ರದಲ್ಲಿ ಇವೆರಡರ ಜೊತೆ ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ, ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಇವೆ. ಮತದಾರರ ಲೆಕ್ಕದಲ್ಲಿ ಕೊಡಗಿನ ಪಾಲು ಐದರಲ್ಲಿ ಒಂದು, ಮೇಲೆ ಸ್ವಲ್ಪ ಚಿಲ್ಲರೆ. ನಾಲ್ಕು ಪಾಲು ಕುಶಾಲನಗರದ ಸೇತುವೆ ದಾಟಿದ ಮೇಲೆ. ಸುಂಟಿಕೊಪ್ಪದಲ್ಲಿ ಟೀ ಕುಡಿಯುತ್ತ ಕೇಳಿದ್ದನ್ನು ಇಡೀ ಕ್ಷೇತ್ರದ ಗಾಳಿ ಎಂದು ಹೇಳುವವರು ಮೈಸೂರಿನ ಉದಯಗಿರಿಯ ಕಡೆ ಒಂದು ದಿನವೂ ಕಾಲಿಟ್ಟಿರುವುದಿಲ್ಲ. ತನ್ವೀರ್ ಸೇಠ್ ಸತತವಾಗಿ ಗೆಲ್ಲುತ್ತ ಬಂದ ನರಸಿಂಹರಾಜದಲ್ಲಿ ಕಾಂಗ್ರೆಸ್ಸಿಗೆ ಎಷ್ಟು ಲೀಡ್ ಬರಬಹುದು, ಕೃಷ್ಣರಾಜದಲ್ಲಿ ಬಿಜೆಪಿಗೆ ಎಷ್ಟು ಬರಬಹುದು ಎಂಬ ಅಂದಾಜಿಲ್ಲದೆ ಕೊಡಗಿನ ಲೀಡಿಗೆ ಬೆಲೆ ಕಟ್ಟಲು ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ: ಒಂದು ಹಾಳೆಯಲ್ಲಿ ಎಂಟು ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ಹಿಂದಿನ ಲೋಕಸಭೆಯಲ್ಲಿ ಬಿದ್ದ ಒಟ್ಟು ಮತ, ಮೊದಲನೆಯವರ ಮತ, ಎರಡನೆಯವರ ಮತ, ಲೀಡ್. ಕೆಳಗೆ ಅಂಚೆ ಮತಕ್ಕೆ ಇನ್ನೊಂದು ಸಾಲು, ಯಾಕೆಂದರೆ ಅದು ಯಾವ ವಿಧಾನಸಭಾ ಕ್ಷೇತ್ರಕ್ಕೂ ಸೇರುವುದಿಲ್ಲ.

ಇದು ಸಿಗುವುದು ಫಾರಂ 20 ಎಂಬ ಅಂತಿಮ ಫಲಿತಾಂಶ ಪಟ್ಟಿಯಲ್ಲಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ತೆರೆದರೆ ಎಡಗಡೆ ಮತಗಟ್ಟೆಯ ಸಂಖ್ಯೆ, ಆಮೇಲೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಕಾಲಂ, ಬಲಗಡೆ ಕ್ರಮಬದ್ಧ ಮತಗಳ ಮೊತ್ತ, ನೋಟಾ, ಒಟ್ಟು. ಕೆಲವು ಪುಟ ಓರೆಯಾಗಿ ಸ್ಕ್ಯಾನ್ ಆಗಿರುತ್ತವೆ, 3 ಮತ್ತು 8 ಒಂದೇ ಥರ ಕಾಣುತ್ತವೆ. ಅಡ್ಡಸಾಲು ಕೂಡಿ ಒಟ್ಟಿಗೆ ತಾಳೆಯಾಗುತ್ತದೋ ನೋಡದೆ ಮುಂದೆ ಹೋಗಬೇಡಿ. ಮತಗಟ್ಟೆಯ ಹೆಸರು ಅದರಲ್ಲಿ ಇರುವುದಿಲ್ಲ, ಸಂಖ್ಯೆ ಮಾತ್ರ. ಪಕ್ಕದಲ್ಲಿ ಆ ವರ್ಷದ್ದೇ ಮತಗಟ್ಟೆ ಪಟ್ಟಿ ಇಟ್ಟುಕೊಳ್ಳಬೇಕು. ಮತದಾರರು ಹೆಚ್ಚಾದಾಗ ಒಂದು ಮತಗಟ್ಟೆಯನ್ನು ಎರಡು ಮಾಡುತ್ತಾರೆ, ಆಗ ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. 2019ರ 112ನೇ ಮತಗಟ್ಟೆ 2024ರಲ್ಲೂ 112 ಆಗಿರಬೇಕೆಂದಿಲ್ಲ.

ಇಲ್ಲೊಂದು ಮಾತು. ಕೆಲವು ಹಾಡಿಗಳ ಮತಗಟ್ಟೆಯಲ್ಲಿ ಕೆಲವೇ ನೂರು ಮತ ಇರುತ್ತವೆ. ಯಾರು ಯಾರಿಗೆ ಹಾಕಿದರು ಎಂದು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಅಂಥ ಅಂಕಿಯನ್ನು ಲೆಕ್ಕಕ್ಕೆ ಬಳಸಿ, ಮಾತಿಗೆ ಬಳಸಬೇಡಿ. ಚುನಾವಣೆ ಮುಗಿದು ಐದು ವರ್ಷ ಅದೇ ತೋಟದಲ್ಲಿ ಕೂಲಿಗೆ ಹೋಗಬೇಕಾದವರು ಅವರು.

ಹಳೆಯ ಅಂಕಿ ಓದುವಾಗ

ನಮ್ಮ ಕ್ಷೇತ್ರದ ನಾಲ್ಕು ಚುನಾವಣೆಗಳನ್ನು ಬಾಯಿಪಾಠ ಮಾಡಿಕೊಂಡರೆ ಬೇಕಾದಷ್ಟು ಪಾಠ ಅದರಲ್ಲೇ ಇದೆ. 2009ರಲ್ಲಿ ಕಾಂಗ್ರೆಸ್ಸಿನ ಅಡಗೂರು ಎಚ್. ವಿಶ್ವನಾಥ್ ಬಿಜೆಪಿಯ ಸಿ.ಎಚ್. ವಿಜಯಶಂಕರ್ ಅವರನ್ನು 7,691 ಮತಗಳಿಂದ ಸೋಲಿಸಿದರು. 2014ರಲ್ಲಿ ಬಿಜೆಪಿಯ ಪ್ರತಾಪ್ ಸಿಂಹ ಅದೇ ವಿಶ್ವನಾಥ್ ಅವರನ್ನು 31,608 ಮತಗಳಿಂದ ಸೋಲಿಸಿದರು. 2019ರಲ್ಲಿ ಪ್ರತಾಪ್ ಸಿಂಹ ಎದುರು ನಿಂತದ್ದು ವಿಜಯಶಂಕರ್, ಈ ಸಲ ಕಾಂಗ್ರೆಸ್ಸಿನಿಂದ. ಅಂತರ 1,38,647. 2024ರಲ್ಲಿ ಬಿಜೆಪಿಯ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಕಾಂಗ್ರೆಸ್ಸಿನ ಎಂ. ಲಕ್ಷ್ಮಣ ಅವರನ್ನು 1,39,262 ಮತಗಳಿಂದ ಸೋಲಿಸಿದರು.

ಇಲ್ಲಿ ನಿಧಾನಿಸಬೇಕಾದದ್ದು 2014 ಮತ್ತು 2019ರ ನಡುವೆ. 2014ರಲ್ಲಿ ಪ್ರತಾಪ್ ಸಿಂಹ ಅವರಿಗೆ 5,03,908, ವಿಶ್ವನಾಥ್ ಅವರಿಗೆ 4,72,300, ಜೆಡಿಎಸ್ ಅಭ್ಯರ್ಥಿಗೆ 1,38,587. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಕೈ ಜೋಡಿಸಿದವು. ಕೂಡಿ ನೋಡಿ: 6,10,887. ಬಿಜೆಪಿಗಿಂತ ಒಂದು ಲಕ್ಷಕ್ಕೂ ಮೇಲೆ. ಆ ವರ್ಷ ಈ ಕೂಡುವ ಲೆಕ್ಕ ಹಿಡಿದುಕೊಂಡು ಎಷ್ಟು ಜನ ಸಂತೆಯಲ್ಲಿ ಓಡಾಡಿದರೋ! ಬಂದದ್ದೇನು? ಒಟ್ಟು ಮತದಾನ ಹೆಚ್ಚಿದ್ದರೂ ಮೈತ್ರಿ ಅಭ್ಯರ್ಥಿಗೆ ಬಿದ್ದದ್ದು 5,50,327. ಕೂಡಿದ ಮೊತ್ತಕ್ಕಿಂತ ಅರವತ್ತು ಸಾವಿರ ಕಡಿಮೆ. ಬಿಜೆಪಿ 1,85,066 ಹೆಚ್ಚಿಸಿಕೊಂಡು 6,88,974ಕ್ಕೆ ಹೋಯಿತು.

ಪಕ್ಷಗಳು ಕೂಡಿದರೆ ಮತ ಕೂಡುವುದಿಲ್ಲ. ಹಳ್ಳಿಯಲ್ಲಿ ಇಪ್ಪತ್ತು ವರ್ಷ ಎದುರುಬದುರು ನಿಂತು ಜಗಳವಾಡಿದ ಎರಡು ಗುಂಪು, ಬೆಂಗಳೂರಿನಲ್ಲಿ ನಾಯಕರು ಕೈ ಕುಲುಕಿದ ಮಾತ್ರಕ್ಕೆ ಒಂದೇ ಗುಂಡಿ ಒತ್ತುತ್ತಾರೆಯೇ? ಮೈತ್ರಿ ಬಂದಾಗ ನಾನು ಕಿರಿಯ ಪಕ್ಷದ ಮತವನ್ನು ಮೂರು ಪಾಲು ಮಾಡಿಕೊಳ್ಳುತ್ತೇನೆ: ಹೇಳಿದ ಕಡೆ ಹೋಗುವುದು, ಎದುರಾಳಿಗೆ ಹೋಗುವುದು, ಮನೆಯಲ್ಲೇ ಉಳಿಯುವುದು. ಯಾವ ಪಾಲು ಎಷ್ಟು ಎಂದು ಖಚಿತವಾಗಿ ಹೇಳಲಾಗದು. ಅದಕ್ಕೇ ಒಮ್ಮೆ ನೂರಕ್ಕೆ 80 ಹೋದರೆ, ಒಮ್ಮೆ 50 ಹೋದರೆ ಎಂದು ಎರಡು ಲೆಕ್ಕ ಮಾಡಿ. ಎರಡರಲ್ಲೂ ಒಬ್ಬರೇ ಮುಂದಿದ್ದರೆ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಪಾಠ, ವಿಧಾನಸಭೆಯ ಫಲಿತಾಂಶವನ್ನು ಲೋಕಸಭೆಗೆ ಹಾಗೇ ಎತ್ತಿ ಇಡಬೇಡಿ. 2023ರ ಮೇನಲ್ಲಿ ಮಡಿಕೇರಿಯಲ್ಲಿ ಡಾ. ಮಂತರ್ ಗೌಡ, ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ, ಇಬ್ಬರೂ ಕಾಂಗ್ರೆಸ್ಸಿನವರು, ಅಪ್ಪಚ್ಚು ರಂಜನ್ ಮತ್ತು ಕೆ.ಜಿ. ಬೋಪಯ್ಯ ಅವರಂಥ ಹಳೆಯ ಶಾಸಕರನ್ನು ನಾಲ್ಕು ಸಾವಿರದ ಚಿಲ್ಲರೆ ಮತಗಳಿಂದ ಸೋಲಿಸಿದರು. ಎಂಟು ಕ್ಷೇತ್ರಗಳಲ್ಲಿ ಐದು ಕಾಂಗ್ರೆಸ್ಸಿಗೆ, ಎರಡು ಜೆಡಿಎಸ್‌ಗೆ, ಬಿಜೆಪಿಗೆ ಕೃಷ್ಣರಾಜ ಒಂದೇ. ಒಂದು ವರ್ಷ ತುಂಬುವ ಮೊದಲೇ, 2024ರ ಏಪ್ರಿಲ್ 26ರಂದು, ಅದೇ ಮತದಾರರು ಲೋಕಸಭೆಗೆ ಮತ ಹಾಕಿದಾಗ ಕೊಡಗಿನ ಎರಡೂ ಕಡೆ ಬಿಜೆಪಿಗೆ ಲೀಡ್. ಇದೇನು ಹೊಸದಲ್ಲ. 1984ರ ಡಿಸೆಂಬರಿನಲ್ಲಿ ಕರ್ನಾಟಕ 28ರಲ್ಲಿ 24 ಲೋಕಸಭಾ ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟು, 1985ರ ಮಾರ್ಚಿನಲ್ಲಿ ವಿಧಾನಸೌಧವನ್ನು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟಿತ್ತು. ನಮ್ಮ ಮತದಾರ ಎರಡು ಪೆಟ್ಟಿಗೆಗೆ ಎರಡು ಮನಸ್ಸು ಇಟ್ಟುಕೊಂಡಿರುತ್ತಾನೆ. ಲೋಕಸಭೆಗೆ ತಳಪಾಯ ಹಿಂದಿನ ಲೋಕಸಭೆಯೇ. ವಿಧಾನಸಭೆಯನ್ನು ಅಭ್ಯರ್ಥಿ ಬಲ, ಕಾರ್ಯಕರ್ತರ ಬಲ ನೋಡಲು ಮಾತ್ರ ಇಟ್ಟುಕೊಳ್ಳಿ.

ಸ್ವಿಂಗ್ ಹಾಕುವುದು

ತಳಪಾಯ ಸಿಕ್ಕಿತು. ಈಗ ರಾಜ್ಯದಲ್ಲಿ ಗಾಳಿ ಎಷ್ಟು ವಾಲಿದೆಯೋ ಅಷ್ಟನ್ನು ನಮ್ಮ ಕ್ಷೇತ್ರಕ್ಕೂ ಹಾಕುವುದು. ರಾಜ್ಯದಲ್ಲಿ ಒಂದು ಪಕ್ಷದ ಮುನ್ನಡೆ 4 ಅಂಕ (ಅಂದರೆ ನೂರು ಮತಕ್ಕೆ 4) ಕುಗ್ಗಿದರೆ ಇಲ್ಲೂ 4 ಕುಗ್ಗುತ್ತದೆ ಎಂದು ಹಿಡಿಯುವುದು. ಒರಟು ಲೆಕ್ಕ, ಆದರೆ ಇದಕ್ಕಿಂತ ನಾಜೂಕಾದ ಎಷ್ಟೋ ಲೆಕ್ಕಗಳು ಇದನ್ನು ಮೀರಿಸುವುದು ಕಷ್ಟ.

2024ನ್ನೇ ಹಿಂದಿನಿಂದ ಮಾಡಿ ನೋಡೋಣ. 2019ರಲ್ಲಿ ರಾಜ್ಯದಲ್ಲಿ ಬಿಜೆಪಿಗೆ ಶೇ. 51.4. ಮಂಡ್ಯದಲ್ಲಿ ಬಿಜೆಪಿ ಅಭ್ಯರ್ಥಿ ಹಾಕದೆ ಪಕ್ಷೇತರರಾಗಿ ನಿಂತ ಸುಮಲತಾ ಅವರಿಗೆ ಬೆಂಬಲ ಕೊಟ್ಟಿದ್ದರಿಂದ ಅವರ ಏಳು ಲಕ್ಷದ ಚಿಲ್ಲರೆ ಮತವನ್ನೂ ಸೇರಿಸಬೇಕು, ಅದು ಸುಮಾರು 2 ಅಂಕ. ಒಟ್ಟು 53.4. ಕಾಂಗ್ರೆಸ್ 31.9, ಜೆಡಿಎಸ್ 9.7, ಎರಡೂ ಸೇರಿ 41.6. ಮುನ್ನಡೆ 11.8. 2024ರಲ್ಲಿ ಜೆಡಿಎಸ್ ಕಾಂಗ್ರೆಸ್ ಕಡೆಯಿಂದ ಬಿಜೆಪಿ ಕಡೆ ಬಂದಿತ್ತು. ಬಿಜೆಪಿ 46.1, ಜೆಡಿಎಸ್ 5.6, ಒಟ್ಟು 51.7. ಕಾಂಗ್ರೆಸ್ 45.4. ಮುನ್ನಡೆ 6.2ರ ಹತ್ತಿರ. ಅಂದರೆ ರಾಜ್ಯದಲ್ಲಿ ಮುನ್ನಡೆ 5.6 ಅಂಕ ಕುಗ್ಗಿದೆ.

ಮೈಸೂರಿನಲ್ಲಿ 2019ರ 1,38,647ರ ಅಂತರ ಒಟ್ಟು ಮತದ ಶೇ. 10.5. ಅದರಲ್ಲಿ 5.6 ಕಳೆದರೆ 4.9 ಉಳಿಯಬೇಕು. ನಿಜವಾಗಿ ಬಂದ ಅಂತರ? ಸುಮಾರು 14.8 ಲಕ್ಷ ಮತದಲ್ಲಿ 1,39,262, ಅಂದರೆ 9.4. ರಾಜ್ಯದ ಅಂತಿಮ ಫಲಿತಾಂಶ ಕೈಯಲ್ಲಿ ಹಿಡಿದುಕೊಂಡು ಮಾಡಿದ ಲೆಕ್ಕವೂ ನಾಲ್ಕೂವರೆ ಅಂಕ ತಪ್ಪಿತು. ಒಂದು ಕಾರಣ ಊಹಿಸಬಹುದು. ಹುಣಸೂರು, ಚಾಮುಂಡೇಶ್ವರಿಯಲ್ಲಿ 2023ರಲ್ಲಿ ಗೆದ್ದದ್ದು ಜೆಡಿಎಸ್. ರಾಜ್ಯದ ಸರಾಸರಿಗಿಂತ ಇಲ್ಲಿ ಆ ಪಕ್ಷ ಗಟ್ಟಿ, ಅದು ಬಿಜೆಪಿ ಕಡೆ ವಾಲಿದಾಗ ಇಲ್ಲಿನ ತೂಕವೂ ಹೆಚ್ಚು. ಕಾರಣ ಏನೇ ಇರಲಿ, ಆ ನಾಲ್ಕೂವರೆಯನ್ನು ಮರೆಯಬೇಡಿ. ಮುಂದಿನ ಭಾಗವೆಲ್ಲ ಅದರ ಮೇಲೇ ನಿಂತಿದೆ.

ತಪ್ಪಿನ ಅಳತೆಯೇ ಸಾಧ್ಯತೆಯ ಅಳತೆ

ಒಬ್ಬ ಅಭ್ಯರ್ಥಿ 5 ಅಂಕ ಮುಂದಿದ್ದಾನೆ ಎಂದು ನಮ್ಮ ಲೆಕ್ಕ ಹೇಳುತ್ತದೆ. ಅವನ ಗೆಲುವಿನ ಸಾಧ್ಯತೆ ಎಷ್ಟು? ಇದಕ್ಕೆ ಉತ್ತರ ಆ 5ರಲ್ಲಿ ಮಾತ್ರ ಇಲ್ಲ. ನಮ್ಮ ಲೆಕ್ಕ ಸಾಮಾನ್ಯವಾಗಿ ಎಷ್ಟು ಅಂಕ ತಪ್ಪುತ್ತದೆ ಎನ್ನುವುದರಲ್ಲೂ ಇದೆ. ನಮ್ಮ ತಪ್ಪು ಹೆಚ್ಚೆಂದರೆ ಎರಡು ಅಂಕ ಇದ್ದರೆ 5ರ ಮುನ್ನಡೆ ಗೆದ್ದ ಹಾಗೆಯೇ. ತಪ್ಪು ಹದಿನೈದು ಅಂಕದವರೆಗೂ ಹೋಗುವುದಾದರೆ 5 ಅನ್ನುವುದು ಟಾಸಿಗಿಂತ ಸ್ವಲ್ಪ ಮೇಲು, ಅಷ್ಟೆ.

ತಪ್ಪಿನ ಅಳತೆ ತೆಗೆಯುವುದು ಹೀಗೆ. ಕರ್ನಾಟಕದ 28 ಕ್ಷೇತ್ರಗಳಿಗೂ ಮೇಲೆ ಮಾಡಿದ ಲೆಕ್ಕವನ್ನೇ ಮಾಡಿ: 2019ರ ಅಂತರ, ರಾಜ್ಯದ ಸ್ವಿಂಗ್, ಬರಬೇಕಾಗಿದ್ದ 2024ರ ಅಂತರ. ನಿಜವಾಗಿ ಬಂದದ್ದರಿಂದ ಕಳೆಯಿರಿ. 28 ತಪ್ಪುಗಳು ಸಿಗುತ್ತವೆ. ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿ, 28ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಎಕ್ಸೆಲ್ಲಿನಲ್ಲಿ ಹತ್ತು ನಿಮಿಷದ ಕೆಲಸ. 2014ರಿಂದ 2019ಕ್ಕೂ ಇದನ್ನೇ ಮಾಡಿ. ಆಮೇಲೆ ಬಂದ ಅಳತೆಯನ್ನು ಸ್ವಲ್ಪ ಹಿಗ್ಗಿಸಿ, ಯಾಕೆಂದರೆ ಚುನಾವಣೆಗೆ ಮುಂಚೆ ರಾಜ್ಯದ ಸ್ವಿಂಗ್ ಕೂಡ ನಮಗೆ ಗೊತ್ತಿರುವುದಿಲ್ಲ, ಯಾವುದೋ ಸಮೀಕ್ಷೆಯಿಂದ ಎತ್ತಿಕೊಂಡಿರುತ್ತೇವೆ. ನಾನು 8 ಅಂಕ ಹಿಡಿಯುತ್ತೇನೆ. ಮೂರು, ನಾಲ್ಕು ಎಂದು ಹಿಡಿದು ಪ್ರತಿ ಕ್ಷೇತ್ರಕ್ಕೂ 95, 98 ಎಂದು ಬರೆಯುವವರನ್ನು ಕಂಡರೆ ನನಗೆ ಅನುಮಾನ.

8 ಹಿಡಿದರೆ, ಗಂಟೆಯಾಕಾರದ ರೇಖೆಯ (ಸಣ್ಣ ತಪ್ಪು ಹೆಚ್ಚು ಸಲ, ದೊಡ್ಡ ತಪ್ಪು ಅಪರೂಪ ಎಂದು ಹಿಡಿಯುವ ರೇಖೆ) ಪ್ರಕಾರ ಸಾಧ್ಯತೆಗಳು ಹೀಗೆ ಬರುತ್ತವೆ. ಸಮಬಲ ಇದ್ದರೆ ನೂರಕ್ಕೆ 50. ಮುನ್ನಡೆ 2 ಅಂಕ ಇದ್ದರೆ 60. 4 ಇದ್ದರೆ 69. 8 ಇದ್ದರೆ 84. 12 ಇದ್ದರೆ 93. 16 ಇದ್ದರೆ 98ರ ಹತ್ತಿರ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸಿನಲ್ಲಿ ನಾರ್ಮ್‌ಎಸ್‌ಡಿಸ್ಟ್ (NORMSDIST) ಎಂಬ ಸೂತ್ರ ಇದೆ. ಮುನ್ನಡೆಯನ್ನು 8ರಿಂದ ಭಾಗಿಸಿ ಅದರೊಳಗೆ ಹಾಕಿದರೆ ಬೇಕಾದ ಸಂಖ್ಯೆ ಬರುತ್ತದೆ. ಮೊದಲ ಎರಡು ಅಂಕದ ಮುನ್ನಡೆ ಹತ್ತು ಕೊಟ್ಟಿತು, ಕೊನೆಯ ನಾಲ್ಕು ಅಂಕ ಐದನ್ನೂ ಕೊಡಲಿಲ್ಲ, ಗಮನಿಸಿ. ಎಷ್ಟೇ ಮುಂದಿದ್ದರೂ ನಾನು 98 ದಾಟುವುದಿಲ್ಲ. ಯಾವ ಸೂತ್ರಕ್ಕೂ ಸಿಗದ್ದು ಏನಾದರೂ ಆಗುತ್ತದೆ: ನಾಮಪತ್ರ ತಿರಸ್ಕೃತವಾಗಬಹುದು, ಕೊನೆಯ ವಾರದಲ್ಲಿ ಹಗರಣ ಹೊರಬೀಳಬಹುದು.

ಮೇಲಿನ ಉದಾಹರಣೆಯಲ್ಲಿ 4.9 ಮುನ್ನಡೆ ಬಂದಿತ್ತಲ್ಲ, ಅದನ್ನು 8ರಿಂದ ಭಾಗಿಸಿ ಸೂತ್ರಕ್ಕೆ ಹಾಕಿದರೆ ನೂರಕ್ಕೆ 73. ಬಿಜೆಪಿ ಅಭ್ಯರ್ಥಿಗೆ 73, ಕಾಂಗ್ರೆಸ್ ಅಭ್ಯರ್ಥಿಗೆ 26 ಚಿಲ್ಲರೆ. ಇದು ಹೆಸರು ನೋಡದೆ ಬಂದ ಅಂಕಿ.

ಹೆಸರಿಗೆ ಎಷ್ಟು ಕೊಡಬೇಕು?

ಅಭ್ಯರ್ಥಿಯ ಹೆಸರಿಗೆ ನಾನು ಹೆಚ್ಚೆಂದರೆ 2 ಅಂಕ ಕೂಡುತ್ತೇನೆ ಅಥವಾ ಕಳೆಯುತ್ತೇನೆ. ಇದನ್ನು ಹೇಳಿದರೆ ಜನ ಜಗಳಕ್ಕೇ ಬರುತ್ತಾರೆ. “ಅರಮನೆ ಹೆಸರಿಗೆ ಎರಡೇ ಅಂಕವಾ ಮೇಷ್ಟ್ರೇ?” ಹೌದು, ಎರಡೇ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈಸೂರಿನಿಂದ ನಾಲ್ಕು ಸಲ ಗೆದ್ದರು, ಎಲ್ಲವೂ ಕಾಂಗ್ರೆಸ್ಸಿನಿಂದ. 1991ರಲ್ಲಿ ಬಿಜೆಪಿಯಿಂದ ನಿಂತಾಗ ಚಂದ್ರಪ್ರಭಾ ಅರಸು ಎದುರು ಸೋತರು. 2004ರಲ್ಲಿ ಕಾಂಗ್ರೆಸ್ಸಿನಿಂದಲೇ ನಿಂತೂ ಸೋತರು, ಗೆದ್ದದ್ದು ವಿಜಯಶಂಕರ್. ಅರಮನೆ ಅದೇ, ದಸರಾ ಅದೇ. 2024ರಲ್ಲಿ ಯದುವೀರ್ ಹೆಸರಿಗೆ 2 ಕೂಡಿದರೆ ಮುನ್ನಡೆ 6.9, ಸಾಧ್ಯತೆ 73ರಿಂದ 81ರ ಹತ್ತಿರಕ್ಕೆ ಏರುತ್ತದೆ. ಏಳೂವರೆ ಅಂಕಿ ಏರುವುದು ಕಡಿಮೆಯೇನಲ್ಲ.

ಹಾಲಿ ಸಂಸದರಿಗೆ ಟಿಕೆಟ್ ತಪ್ಪಿದರೆ ಏನು ಮಾಡಬೇಕು? ಪ್ರತಾಪ್ ಸಿಂಹ ಅವರಿಗೆ ತಪ್ಪಿದಾಗ ಕೊಡಗಿನಲ್ಲಿ ತಿಂಗಳುಗಟ್ಟಲೆ ಇದೇ ಮಾತು. ನಾನು ನೋಡುವುದು ಒಂದೇ, ತಪ್ಪಿದವರು ಬಂಡಾಯವಾಗಿ ನಿಂತರಾ ಇಲ್ಲವಾ. ನಿಲ್ಲದಿದ್ದರೆ ಸೊನ್ನೆ. ಬೇಸರ ಎಂಬುದು ಮತವಾಗಲು ಎದುರಿಗೆ ಇನ್ನೊಂದು ಗುಂಡಿ ಬೇಕು.

ಮೂರನೆಯವರು ಗಟ್ಟಿ ಇದ್ದರೆ ಲೆಕ್ಕದ ರೀತಿಯೇ ಬೇರೆ. 2009ರಲ್ಲಿ ನಮ್ಮ ಜಿಲ್ಲೆಯವರೇ ಆದ ಬಿ.ಎ. ಜೀವಿಜಯ ಜೆಡಿಎಸ್‌ನಿಂದ ನಿಂತು ಎರಡು ಲಕ್ಷಕ್ಕೂ ಮೀರಿ ಮತ ತೆಗೆದರು. ಮೊದಲ ಇಬ್ಬರ ಅಂತರ 7,691. ಅವರು ತೆಗೆದ ಮತದಲ್ಲಿ ನೂರಕ್ಕೆ ನಾಲ್ಕು ಆ ಕಡೆ ಈ ಕಡೆ ಆಗಿದ್ದರೂ ಸಂಸದರು ಬೇರೆಯವರಾಗುತ್ತಿದ್ದರು. ಇಂಥ ಕಡೆ ನಾನು 8ರ ಬದಲು 10 ಹಿಡಿಯುತ್ತೇನೆ. ಮೂರನೆಯವರಿಗೂ ಒಂದು ಸಾಧ್ಯತೆ ಬರೆದು, ಮೊದಲ ಇಬ್ಬರಿಂದ ಅದನ್ನು ಕಳೆದು, ಒಟ್ಟು ನೂರಕ್ಕೆ ತರುತ್ತೇನೆ. ಪಕ್ಷೇತರರೆಲ್ಲರನ್ನೂ ಒಟ್ಟುಗೂಡಿಸಿ 1 ಕೊಟ್ಟರೆ ಸಾಕು. ಅವರಲ್ಲಿ ಬಹುತೇಕರು ಆರನೇ ಒಂದು ಪಾಲು ಮತ ಬಾರದೆ 25,000 ರೂಪಾಯಿ ಠೇವಣಿ ಕಳೆದುಕೊಳ್ಳುತ್ತಾರೆ. ಸುಮಲತಾ ಅಂಥವರನ್ನು ಈ ಗುಂಪಿಗೆ ಹಾಕಬಾರದು. ದೊಡ್ಡ ಪಕ್ಷ ಜಾಗ ಬಿಟ್ಟುಕೊಟ್ಟಾಗ ಅವರು ಕಾಗದದ ಮೇಲೆ ಮಾತ್ರ ಪಕ್ಷೇತರರು.

ಕಿವಿಗೆ ಬಿದ್ದದ್ದು

ರೋಡ್ ಶೋಗೆ ಸೇರಿದ ಜನ, ಬಾವುಟ, ವಾಟ್ಸಾಪ್ ವಿಡಿಯೋ, ಇವಕ್ಕೆಲ್ಲ ಸೊನ್ನೆ ಕೊಡಿ. ಶನಿವಾರಸಂತೆಗೆ ಬಂದ ಜನರಲ್ಲಿ ಅರ್ಧ ಸಂತೆಗೆ ಬಂದವರು. ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕೂಲಿಗಳು ಕೈ ಬೀಸುತ್ತಾರೆ, ಅವರ ಮತ ಇಲ್ಲಿಲ್ಲ. ಇಲ್ಲಿ ಮತ ಇರುವ ಎಷ್ಟೋ ಜನ ಬೆಂಗಳೂರಿನಲ್ಲಿದ್ದಾರೆ, ಬರುತ್ತಾರೋ ಇಲ್ಲವೋ.

ಜನರ ಹತ್ತಿರ ಕೇಳುವುದೇ ಆದರೆ “ನೀವು ಯಾರಿಗೆ ಹಾಕ್ತೀರಿ” ಅನ್ನಬೇಡಿ, ನಿಜ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. “ನಿಮ್ಮ ಬೀದಿಯಲ್ಲಿ ಹೋದ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ?” ಅನ್ನಿ. ವ್ಯತ್ಯಾಸ ಹೇಳುವಾಗ ಜನ ಬಾಯಿ ಬಿಡುತ್ತಾರೆ. ನಮಗೆ ಬೇಕಾದದ್ದೂ ಅದೇ, ತಳಪಾಯ ಫಾರಂ 20ರಲ್ಲಿ ಹೇಗೂ ಇದೆ. ಕಟ್ಟಾ ಪಕ್ಷದವರ ಬೀದಿ ಬಿಟ್ಟು, ಹಿಂದಿನ ಸಲ ಇಬ್ಬರಿಗೂ ಹೆಚ್ಚುಕಡಿಮೆ ಸಮ ಬಿದ್ದ ಮತಗಟ್ಟೆಗಳನ್ನು ಆರಿಸಿ ಅಲ್ಲಿ ಕೇಳಿ. ಹಾಗೆ ಕೇಳಿದ್ದಕ್ಕೂ ಒಂದು ಅಂಕಕ್ಕಿಂತ ಹೆಚ್ಚು ಕೊಡಬೇಡಿ.

ಒಂದು ಕ್ಷೇತ್ರದಲ್ಲಿ 400 ಜನರನ್ನು ಸರಿಯಾಗಿಯೇ ಆರಿಸಿ ಕೇಳಿದರೂ ಒಬ್ಬ ಅಭ್ಯರ್ಥಿಯ ಮತಪಾಲು 5 ಅಂಕ ಆಚೆ ಈಚೆ ಆಗಬಹುದು. ಇಬ್ಬರ ನಡುವಿನ ಅಂತರವೋ, ಅದರ ಎರಡರಷ್ಟು. ಟಿವಿಯಲ್ಲಿ ಕ್ಷೇತ್ರವಾರು ಸಮೀಕ್ಷೆ ತೋರಿಸುವಾಗ ಎಷ್ಟು ಜನರನ್ನು ಕೇಳಿದ್ದಾರೆ ಎಂಬುದು ಕೆಳಗೆ ಸಣ್ಣಕ್ಷರದಲ್ಲಿ ಓಡುತ್ತದೆ, ಅದನ್ನು ಮೊದಲು ಓದಿ. ಅನೇಕ ಸಮೀಕ್ಷೆ ಒಂದೇ ಮಾತು ಹೇಳಿದವು ಎಂದ ಮಾತ್ರಕ್ಕೆ ಸರಿ ಎಂದಲ್ಲ. 2024ರ ಜೂನ್ 1ರ ಸಂಜೆ ಹೆಚ್ಚಿನ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350 ದಾಟಿಸಿದ್ದವು, ಜೂನ್ 4ಕ್ಕೆ ಬಂದದ್ದು 293. ಒಂದೇ ಕಡೆಗೆ ತಪ್ಪುವುದು ಅವುಗಳ ಗುಣ. ಹಾಗಾಗಿ ಒಂದು ಕ್ಷೇತ್ರದಲ್ಲಿ ನಮ್ಮ ಲೆಕ್ಕ ಒಬ್ಬರ ಪರವಾಗಿ ತಪ್ಪಿದ್ದರೆ ಪಕ್ಕದ ಚಾಮರಾಜನಗರದಲ್ಲೂ ಮಂಡ್ಯದಲ್ಲೂ ಅದೇ ಕಡೆಗೆ ತಪ್ಪಿರುವ ಸಂಭವ ಹೆಚ್ಚು.

ಎಚ್ಚರಿಕೆ: ಮತ ಹಾಕಿ ಬಂದವರನ್ನು ಕೇಳಿ ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಎಕ್ಸಿಟ್ ಪೋಲ್ ಆಗುತ್ತದೆ. ಕೊನೆಯ ಹಂತದ ಮತದಾನ ಮುಗಿಯುವವರೆಗೆ ಅದಕ್ಕೆ ಕಾನೂನಿನ ತಡೆ ಇದೆ. ಬೆಟ್ಟಿಂಗ್ ಕಟ್ಟಲು ಅಂಕಿ ಕೇಳಿ ಬರುವವರಿಗೆ ನಾನು ಕಾಫಿ ಕೊಟ್ಟು ಕಳಿಸುತ್ತೇನೆ, ಅಂಕಿ ಕೊಡುವುದಿಲ್ಲ.

ಎಣಿಕೆಯ ದಿನ

ಬೆಳಿಗ್ಗೆ ಎಂಟಕ್ಕೆ ಅಂಚೆ ಮತ, ಎಂಟೂವರೆಯಿಂದ ಯಂತ್ರ. ಟಿವಿಯಲ್ಲಿ “ಇಂಥವರಿಗೆ 11 ಸಾವಿರ ಮುನ್ನಡೆ” ಎಂದು ಬಂದೊಡನೆ ಪಟಾಕಿ ಸದ್ದು ಕೇಳುತ್ತದೆ. ಆ ಒಟ್ಟು ಅಂಕಿಗೆ ಅಷ್ಟು ಬೇಗ ಅರ್ಥ ಬರುವುದಿಲ್ಲ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೂ ಸಾಮಾನ್ಯವಾಗಿ 14 ಮೇಜು. ಮೊದಲ ಸುತ್ತಿನಲ್ಲಿ 1ರಿಂದ 14ನೇ ಮತಗಟ್ಟೆ, ಎರಡನೆಯದರಲ್ಲಿ 15ರಿಂದ 28, ಹೀಗೆ ಸಂಖ್ಯೆಯ ಕ್ರಮದಲ್ಲೇ ಎಣಿಸುತ್ತಾರೆ. ಮತಗಟ್ಟೆಗಳಿಗೆ ಸಂಖ್ಯೆ ಕೊಡುವುದು ಒಂದು ಮೂಲೆಯಿಂದ ಶುರುಮಾಡಿ. ಹಾಗಾಗಿ ಮೊದಲ ಎರಡು ಮೂರು ಸುತ್ತು ಎಂದರೆ ಆ ಕ್ಷೇತ್ರದ ಒಂದೇ ಮೂಲೆಯ ಊರುಗಳು.

ಇದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಹಿಂದಿನ ಫಾರಂ 20ರಲ್ಲಿ ಹದಿನಾಲ್ಕು ಹದಿನಾಲ್ಕು ಮತಗಟ್ಟೆಗಳನ್ನು ಕೂಡಿ, ಪ್ರತಿ ಸುತ್ತಿಗೆ ಹೋದ ಸಲದ ಅಂತರ ಬರೆದಿಟ್ಟುಕೊಳ್ಳಿ, ಸರಿದ ಸಂಖ್ಯೆಗಳನ್ನು ಪಟ್ಟಿ ನೋಡಿ ಸರಿಪಡಿಸಿ. ಎಣಿಕೆಯ ದಿನ ಸುತ್ತಿನ ಎದುರು ಸುತ್ತು ಇಟ್ಟು ನೋಡಿ. ಹೋದ ಸಲ 18 ಅಂಕದ ಮುನ್ನಡೆ ಇದ್ದ ಜಾಗದಲ್ಲಿ ಈ ಸಲ 11 ಇದ್ದರೆ, “ಮುಂದಿದ್ದಾರೆ” ಎಂದು ಟಿವಿ ಕೂಗುತ್ತಿದ್ದರೂ ಅಲ್ಲಿ 7 ಅಂಕ ಕಳೆದುಕೊಂಡಿದ್ದಾರೆ. ಎಂಟರಲ್ಲಿ ನಾಲ್ಕು ಕ್ಷೇತ್ರಗಳಲ್ಲಿ ಇದೇ ರೀತಿ ಕಂಡರೆ ಹತ್ತು ಗಂಟೆಗೇ ಫಲಿತಾಂಶ ಹೇಳಬಹುದು. ಅಂತರ ತೀರಾ ಕಿರಿದಾದರೆ ಮಾತ್ರ ಬಾಯಿ ಮುಚ್ಚಿಕೊಂಡಿರಿ. 2019ರಲ್ಲಿ ಚಾಮರಾಜನಗರದಲ್ಲಿ ಶ್ರೀನಿವಾಸ ಪ್ರಸಾದ್ ಗೆದ್ದದ್ದು 1,817 ಮತದಿಂದ. ಸೋತ ಧ್ರುವನಾರಾಯಣ 2004ರಲ್ಲಿ ಸಂತೇಮರಹಳ್ಳಿ ವಿಧಾನಸಭೆಯನ್ನು ಒಂದೇ ಒಂದು ಮತದಿಂದ ಗೆದ್ದವರು.

ಅಂಕ ಹಾಕಿಕೊಳ್ಳುವುದು

ಮತದಾನಕ್ಕೆ ಮುಂಚೆ ನಿಮ್ಮ ಸಂಖ್ಯೆಯನ್ನು ದಿನಾಂಕ ಹಾಕಿ ಬರೆದಿಡಿ. ನಾನು ಬರೆಯುವುದು ಮಳೆ ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂಬದಿಯಲ್ಲಿ. ಬರೆದಿಡದಿದ್ದರೆ ಫಲಿತಾಂಶ ಬಂದ ಮೇಲೆ ಎಲ್ಲರೂ “ನಾನು ಹೇಳಿರಲಿಲ್ಲವಾ” ಎನ್ನುವವರೇ. ಅಂಕ ಹಾಕುವುದು ಸುಲಭ. ಗೆದ್ದವರಿಗೆ 80 ಕೊಟ್ಟಿದ್ದರೆ 0.80 ಎಂದು ಬರೆದು 1ರಿಂದ ಕಳೆಯಿರಿ, 0.20, ಅದರ ವರ್ಗ 0.04. ಗೆದ್ದವರಿಗೆ 20 ಕೊಟ್ಟಿದ್ದರೆ 0.64. ಏನೂ ಗೊತ್ತಿಲ್ಲದೆ ಎಲ್ಲ ಕಡೆ 50 ಕೊಟ್ಟವನಿಗೆ ಪ್ರತಿ ಸಲವೂ 0.25. ಕಡಿಮೆ ಬಂದಷ್ಟೂ ಒಳ್ಳೆಯದು. ಸರಾಸರಿ 0.25 ದಾಟಿದರೆ ನಾಣ್ಯ ಚಿಮ್ಮಿದವನೇ ಮೇಲು ಎಂದು ಅರ್ಥ. ಒಂದೇ ಕ್ಷೇತ್ರದಿಂದ ಏನೂ ತಿಳಿಯುವುದಿಲ್ಲ, 28 ಕ್ಷೇತ್ರಗಳಿಗೂ ಬರೆಯಿರಿ. ನೀವು 70ರ ಆಸುಪಾಸು ಕೊಟ್ಟವರಲ್ಲಿ ಹತ್ತಕ್ಕೆ ಏಳು ಜನ ಗೆದ್ದರಾ ನೋಡಿ. ಹತ್ತಕ್ಕೆ ಹತ್ತೂ ಗೆದ್ದಿದ್ದರೆ ನೀವು 8ರ ಬದಲು 6 ಹಿಡಿಯಬಹುದಾಗಿತ್ತು. ಐದೇ ಗೆದ್ದಿದ್ದರೆ 8 ಸಾಲದು.

ಗಡಿ ಬದಲಾದರೆ

ಇಷ್ಟೆಲ್ಲ ಮಾಡಿಟ್ಟರೂ ಕ್ಷೇತ್ರ ಮರುವಿಂಗಡಣೆ ಬಂದರೆ ತಳಪಾಯವೇ ಅಲುಗಾಡುತ್ತದೆ. ನಮಗೆ ಅದು ಗೊತ್ತಿರುವ ವಿಷಯ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ನಮ್ಮದೇ ಒಂದು ಲೋಕಸಭಾ ಸ್ಥಾನ ಇತ್ತು. ಆಮೇಲೆ ಮಂಗಳೂರಿನ ಜೊತೆ ಹೋದೆವು. ಕೊಡಗಿನ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚ 1967ರಲ್ಲಿ ಅಲ್ಲಿಂದ ಗೆದ್ದರು, 2004ರವರೆಗೂ ನಾವು ಮಂಗಳೂರು ಕ್ಷೇತ್ರದ ಸಂಸದರನ್ನೇ ದೆಹಲಿಗೆ ಕಳಿಸಿದೆವು. 2008ರ ವಿಂಗಡಣೆಯಲ್ಲಿ ಕೊಡಗಿನ ಮೂರು ವಿಧಾನಸಭಾ ಕ್ಷೇತ್ರ ಎರಡಾಗಿ, ಮೈಸೂರಿಗೆ ಸೇರಿದವು. 2009ರಲ್ಲಿ ಹಳೆಯ ಮೈಸೂರು ಕ್ಷೇತ್ರದ 2004ರ ಅಂಕಿ ಹಿಡಿದು ಲೆಕ್ಕ ಮಾಡಿದವರ ಕೈಯಲ್ಲಿ ಕೊಡಗಿನ ಒಂದು ಮತವೂ ಇರಲಿಲ್ಲ.

ಮತ್ತೆ ಗಡಿ ಬದಲಾದರೆ ಮಾಡಬೇಕಾದದ್ದು ಇಷ್ಟು. ಹೊಸ ಅಧಿಸೂಚನೆಯಲ್ಲಿ ಯಾವ ಹೋಬಳಿ, ಯಾವ ವಾರ್ಡ್ ಎಲ್ಲಿಗೆ ಹೋಯಿತು ನೋಡಿ, ಹಳೆಯ ಫಾರಂ 20ರ ಮತಗಟ್ಟೆಗಳನ್ನು ಒಂದೊಂದಾಗಿ ಹೊಸ ಕ್ಷೇತ್ರಕ್ಕೆ ಜಮಾ ಮಾಡಿ, ಹೊಸದಾಗಿ ಕೂಡಿ. ಅಲ್ಲಿ ಹಿಂದೆ ಬೇರೆ ಅಭ್ಯರ್ಥಿಗಳು ನಿಂತಿದ್ದರು ಎಂಬ ಕಾರಣಕ್ಕೆ 8ನ್ನು 10 ಮಾಡಿ. ಹಳೆಯ ಪಿಡಿಎಫ್‌ಗಳು ಜಾಲತಾಣದಿಂದ ಯಾವಾಗ ಮಾಯವಾಗುತ್ತವೆ ಎಂದು ಹೇಳಲಾಗದು. ಫಾರಂ 20ನ್ನೂ ಮತಗಟ್ಟೆ ಪಟ್ಟಿಯನ್ನೂ, ಎಂಟೂ ಕ್ಷೇತ್ರಗಳದ್ದು, ಈಗಲೇ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡಿ. ಫೈಲಿನ ಹೆಸರಿನಲ್ಲಿ ವರ್ಷ ಬರೆಯಲು ಮರೆಯಬೇಡಿ, ಒಳಗಿನ ಕೆಲವು ಪುಟಗಳಲ್ಲಿ ಅದು ಇರುವುದಿಲ್ಲ.